ತಾರಸಿ ಗೋಡೆಯ ಮೇಲಿನ ಬೆಳಕು

ನಮ್ಮ ನಾಯಿಯನ್ನು ಮೊದಲ ಸಲ ಹೊಡೆದಾಗಲೇ ತಪ್ಪು ಅದರದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ. ಎರಡನೆಯ ಸಲ ಹೊಡೆದಾಗ ಅದರ ಪಕ್ಕೆಲುಬು ಮುರಿಯಿತು. ಆಗಲೂ ಗೊತ್ತಿತ್ತು.

ನಾನು ಕ್ಷೌರದ ಕೆಲಸದವನು. ಪದ್ಮನಾಭನಗರದಲ್ಲಿ ನಮ್ಮ ಮನೆಯ ಕೆಳಗೇ ಅಪ್ಪನ ಕಾಲದ ಕಟಿಂಗ್ ಶಾಪ್ ಇದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ನಿಂತೆ. ಅಪ್ಪ ಕೆಲಸ ಕಲಿಸಿದ್ದು ಕತ್ತಿ ಮಸೆಯುವ ಚರ್ಮದ ಪಟ್ಟಿಯಿಂದ. ಗಿರಾಕಿಯ ಕೆನ್ನೆಯಲ್ಲಿ ಎಳೆಯಷ್ಟು ಗೀರು ಬಿದ್ದರೆ ನನ್ನ ಬೆನ್ನಿನ ಮೇಲೆ ಬೆರಳಗಲ ಬರೆ ಏಳುತ್ತಿತ್ತು. ತಂಗಿಯ ಮೇಲೆ ಅವರು ಯಾವತ್ತೂ ಕೈ ಎತ್ತಲಿಲ್ಲ. ಅವಳು ಓದಿದಳು, ಜಯನಗರದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮಹಡಿಯಲ್ಲಿ ನಾವಿಬ್ಬರೇ ಉಳಿದೆವು. ಇಬ್ಬರಿಗೂ ಮದುವೆ ಆಗಿರಲಿಲ್ಲ. ಅವಳು ಅಡುಗೆ ಮಾಡಿಟ್ಟು ಆಫೀಸಿಗೆ ಹೋಗುತ್ತಿದ್ದಳು, ನಾನು ಅಂಗಡಿಗೆ ಇಳಿಯುತ್ತಿದ್ದೆ. ಮಾತು ಕಮ್ಮಿ. ಜಗಳವೂ ಕಮ್ಮಿ.

ನಾಯಿಯನ್ನು ತಂದವಳು ಅವಳೇ. ಬಿಟಿಎಂ ಲೇಔಟಿನ ಫ್ಲಾಟೊಂದರಲ್ಲಿದ್ದ ಅವಳ ಜೊತೆಯವಳಿಗೆ ಬೇರೆ ಊರಿಗೆ ವರ್ಗವಾಯಿತು. ಯಾರೂ ತೆಗೆದುಕೊಳ್ಳದಿದ್ದರೆ ನಾಯಿಯನ್ನು ಎಲ್ಲಾದರೂ ಬಿಟ್ಟುಬರುತ್ತಾರಂತೆ ಎಂದು ಅಳುತ್ತಾ ಬಂದಳು, ಮಾರನೆಯ ದಿನ ಅದನ್ನೇ ಎಳೆದುಕೊಂಡು ಬಂದಳು. ಅಥವಾ ಅದೇ ಅವಳನ್ನು ಎಳೆದುಕೊಂಡು ಬಂತು. ಕಪ್ಪು ಬಿಳುಪು ಬಣ್ಣ, ಉದ್ದ ಕೂದಲು, ರೆಪ್ಪೆ ಬಡಿಯದ ಕಣ್ಣು. ಬಾರ್ಡರ್ ಕೋಲಿ ಜಾತಿಯಂತೆ, ಹೊರದೇಶದಲ್ಲಿ ಗುಡ್ಡದ ಮೇಲೆ ಕುರಿ ಕಾಯುವ ನಾಯಿಯಂತೆ. ಇಡೀ ದಿನ ಓಡಿದರೂ ದಣಿಯದಂಥದ್ದು.

ನಮ್ಮ ಮನೆಯಲ್ಲಿ ಕುರಿ ಎಲ್ಲಿಂದ ಬರಬೇಕು. ಅದು ನಮ್ಮನ್ನೇ ಕಾಯತೊಡಗಿತು. ನಾನು ನಡುಮನೆಯಲ್ಲಿದ್ದು ತಂಗಿ ಅಡುಗೆಮನೆಯಲ್ಲಿದ್ದರೆ ಅದಕ್ಕೆ ಸಮಾಧಾನವಿಲ್ಲ. ಹಿಂದಿನಿಂದ ಬಂದು ನನ್ನ ಹಿಮ್ಮಡಿಯನ್ನು ಹಲ್ಲಿನಿಂದ ಮೆತ್ತಗೆ ಚುಚ್ಚಿ, ಅಡುಗೆಮನೆಗೆ ನೂಕಿ, ಬಾಗಿಲಿಗೆ ಅಡ್ಡ ಮಲಗುತ್ತಿತ್ತು. ಅಂಗಡಿಗೆ ಬಿಟ್ಟರೆ ಗಿರಾಕಿಗಳನ್ನೆಲ್ಲ ಒಂದೇ ಬೆಂಚಿಗೆ ತಂದು ಕೂರಿಸುತ್ತಿತ್ತು.

"ಏನ್ ಗುರು, ಕಸ್ಟಮರ್ ಹಿಡ್ಕೊಂಡ್ ಬರೋಕೆ ನಾಯಿ ಇಟ್ಟಿದ್ದೀಯಾ?" ಎಂದು ಎದುರಿನ ಜೆರಾಕ್ಸ್ ಅಂಗಡಿಯವನು ನಗುತ್ತಿದ್ದ. "ಬಾಗಿಲಲ್ಲಿ ನೀನ್ ಕರೆದ್ರೆ ಯಾರೂ ಬರಲ್ಲ, ಅದು ಕಚ್ಚಿದ್ರೆ ಬರ್ತಾರೆ."

ಆಗ ನಾನೂ ನಗುತ್ತಿದ್ದೆ.

ತಂಗಿ ಒಂದು ಏರ್ಪಾಡು ಮಾಡಿದಳು. ಬೆಳಿಗ್ಗೆ ಅವಳು ಓಡಿಸಿಕೊಂಡು ಬರುವುದು. ಮಧ್ಯಾಹ್ನ ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ ನಾನು ಪಾರ್ಕಿನ ಸುತ್ತ ಓಡಾಡಿಸುವುದು. ಮಂಗಳವಾರ ನಮ್ಮ ಕಸುಬಿನವರಿಗೆ ರಜಾ, ಅವತ್ತು ಆಟೋದಲ್ಲಿ ಪುಟ್ಟೇನಹಳ್ಳಿ ಕೆರೆಯವರೆಗೂ ಕರೆದುಕೊಂಡು ಹೋಗಿ ಬರುವುದು. "ಆಗುತ್ತಾ ಅಣ್ಣ?" ಎಂದಳು. "ಅದೇನ್ ಮಹಾ," ಎಂದೆ.

ಮೊದಲ ಕೆಲವು ವಾರ ಮಾಡಿದೆ. ಬೆಳಗಿನಿಂದ ನಿಂತು ಕೆಲಸ ಮಾಡುವವನಿಗೆ ಮಧ್ಯಾಹ್ನ ಒಂದು ತುತ್ತು ತಿಂದು ಕಾಲು ಚಾಚಿದರೆ ಸಾಕು ಅನ್ನಿಸುತ್ತದೆ. ಮೊಣಕಾಲಿನ ಚಿಪ್ಪಿನೊಳಗೆ ಯಾರೋ ಮೊಳೆ ಹೊಡೆದ ಹಾಗೆ ನೋವು. ನಾಯಿ ಎಳೆಯುತ್ತಿತ್ತು, ನಾನು ಬಯ್ಯುತ್ತಿದ್ದೆ. ಪಾರ್ಕಿನಲ್ಲಿ ಹುಡುಗರು ಚೆಂಡು ಆಡುತ್ತಿದ್ದರೆ ಅವರ ಸುತ್ತ ಓಡಿ ಗುಂಪು ಕೂಡಿಸುತ್ತಿತ್ತು. ಅವರ ತಾಯಂದಿರು ನನ್ನನ್ನು ಬಯ್ಯುತ್ತಿದ್ದರು.

ಒಂದು ಮಂಗಳವಾರ ಕೆರೆಗೆ ಹೋಗಲು ಮನಸ್ಸಾಗಲಿಲ್ಲ. ಅಂಗಡಿಯ ಕೈಗನ್ನಡಿ ತಂದುಕೊಂಡು ತಾರಸಿಯ ಬಿಸಿಲಲ್ಲಿ ಕೂತು ಮೀಸೆ ಕತ್ತರಿಸಿಕೊಳ್ಳುತ್ತಿದ್ದೆ. ಕಟಿಂಗ್ ಮುಗಿದ ಮೇಲೆ ಗಿರಾಕಿಗೆ ಹಿಂದಲೆ ತೋರಿಸಲು ಹಿಡಿಯುವ ಕನ್ನಡಿ ಅದು. ಕೈ ಅಲುಗಿದಾಗ ಬಿಸಿಲಿನ ಒಂದು ತುಂಡು ಎದುರು ಗೋಡೆಯ ಮೇಲೆ ಓಡಿತು. ನಾಯಿ ಅದರ ಮೇಲೆ ಹಾರಿತು. ನಾನು ಕನ್ನಡಿಯನ್ನು ಆ ಕಡೆ ತಿರುಗಿಸಿದೆ. ಅಲ್ಲಿಗೂ ಹಾರಿತು. ನೀರಿನ ಟ್ಯಾಂಕಿನ ಮೇಲೆ ಬಿಟ್ಟೆ, ನೆಲದ ಮೇಲೆ ಬಿಟ್ಟೆ, ಗೋಡೆಯ ಉದ್ದಕ್ಕೂ ಓಡಿಸಿದೆ. ಕೂತಲ್ಲಿಂದ ಏಳದೆ, ಮಣಿಕಟ್ಟು ಮಾತ್ರ ಅಲ್ಲಾಡಿಸುತ್ತಾ, ಗುಡ್ಡದ ಮೇಲೆ ಕುರಿ ಕಾಯುವ ಆ ಪ್ರಾಣಿಯನ್ನು ಸುಸ್ತು ಮಾಡಿ ಕೆಡವಿದೆ. ನಾಲಿಗೆ ಚೆಲ್ಲಿ ಮಲಗಿತು. ನಾನೂ ಹೋಗಿ ಮಲಗಿದೆ.

ಸಂಜೆ ತಂಗಿ ಬಂದು ನೋಡಿ ಹೇಳಿದಳು, "ಎಷ್ಟ್ ಚೆನ್ನಾಗಿ ಓಡಿಸಿದ್ದೀಯ ಅಣ್ಣ. ಪಾಪ, ನಿನ್ ಕಾಲ್ ನೋವಲ್ಲೂ." ಅವತ್ತು ನನ್ನ ತಟ್ಟೆಗೆ ತುಪ್ಪ ಜಾಸ್ತಿ ಬಿತ್ತು. ನಾನು ಸುಮ್ಮನೆ ತಿಂದೆ.

ಅಲ್ಲಿಂದ ಮುಂದೆ ಬಿಸಿಲಿದ್ದ ಎಲ್ಲ ಮಧ್ಯಾಹ್ನವೂ ಅದೇ ಆಯಿತು. ನಾಯಿ ಮೆಟ್ಟಿಲ ಬಳಿ ಕಾಯುತ್ತಿತ್ತು. ನನ್ನ ಮುಖ ನೋಡುತ್ತಿರಲಿಲ್ಲ, ಬಲಗೈ ನೋಡುತ್ತಿತ್ತು. ಚೆಂಡನ್ನು ಓಡಿಸಿದರೆ ನಾಯಿಗೆ ಚೆಂಡು ಸಿಗುತ್ತದೆ, ಬಾಯಲ್ಲಿ ಹಿಡಿದು ತೃಪ್ತಿಪಡುತ್ತದೆ. ಬೆಳಕು ಬಾಯಿಗೆ ಸಿಗುವುದಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ಕೆಲವು ಸಲ ಅದು ನೇರವಾಗಿ ಗೋಡೆಗೆ ಹಣೆ ಚಚ್ಚಿಕೊಂಡು, ತಲೆ ಕೊಡವಿ, ಮತ್ತೆ ಚಚ್ಚಿಕೊಳ್ಳುತ್ತಿತ್ತು. ನಾನು ನಕ್ಕದ್ದೂ ಉಂಟು. ಮುಂಗಾಲಿನ ಉಗುರು ಕಿತ್ತು ಗೋಡೆಯ ಸುಣ್ಣದ ಮೇಲೆ ರಕ್ತದ ಗೆರೆ ಬಿದ್ದ ದಿನ ನಗು ನಿಂತಿತು. ತಂಗಿ ಬರುವಷ್ಟರಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಗೋಡೆ ಉಜ್ಜಿದೆ. ಅವಳಿಗೆ, ಪಾರ್ಕಿನಲ್ಲಿ ಕಲ್ಲಿಗೆ ತಗುಲಿತು ಎಂದೆ.

ಆಮೇಲೆ ನಿಲ್ಲಿಸಬಹುದಿತ್ತು. ನಿಲ್ಲಿಸಿದೆ ಕೂಡ. ಆದರೆ ನಾಯಿ ನಿಲ್ಲಿಸಲಿಲ್ಲ. ಊಟದ ತಟ್ಟೆಯ ಹೊಳಪು ಸೂರಿನ ಮೇಲೆ ಬಿದ್ದರೆ ಅದಕ್ಕೆ ಹಾರುತ್ತಿತ್ತು. ಫ್ಯಾನಿನ ನೆರಳನ್ನು ಗಂಟೆಗಟ್ಟಲೆ ನೋಡುತ್ತಾ ಮೈ ನಡುಗಿಸುತ್ತಿತ್ತು. ಅನ್ನ ಇಟ್ಟರೆ ತಿರುಗಿ ನೋಡುತ್ತಿರಲಿಲ್ಲ. ತಂಗಿ ಹೆದರಿದಳು. "ನಾನು ಇಡೀ ದಿನ ಮನೇಲಿರಲ್ಲ, ಅದಕ್ಕೇ ಹೀಗಾಗಿದೆ," ಎಂದಳು. ನಾನು, "ಜಾತಿನೇ ಹಂಗಿರಬೇಕು ಬಿಡು," ಎಂದೆ.

ನಮ್ಮಲ್ಲಿಗೆ ಬನಶಂಕರಿಯಿಂದ ಒಬ್ಬರು ವಯಸ್ಸಾದ ಮೇಷ್ಟ್ರು ಬರುತ್ತಿದ್ದರು. ಅಪ್ಪನ ಕಾಲದ ಗಿರಾಕಿ, ಉದ್ದ ಕತ್ತಿಯ ಶೇವಿಂಗೇ ಆಗಬೇಕು. ಒಂದು ದಿನ ಅವರ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಇಟ್ಟಿದ್ದೆ. ನಾಯಿಯನ್ನು ಹಿಂದೆ ಬೇಸಿನ್ ಹತ್ತಿರ ಕಟ್ಟಿದ್ದೆ. ಹೊರಗೆ ಯಾರೋ ಬೈಕ್ ನಿಲ್ಲಿಸಿದರು. ಅದರ ಕನ್ನಡಿಯ ಬೆಳಕು ಒಳಗೆ ಬಂದು ಮೇಷ್ಟ್ರ ಎದೆಯ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯಲ್ಲಿ ಕೂತಿತು. ನಾಯಿ ಹಗ್ಗ ಕಿತ್ತುಕೊಂಡು ಬಂದು ಅವರ ಎದೆಯ ಮೇಲೆ ಬಿತ್ತು. ಕುರ್ಚಿ ತಿರುಗಿತು. ನನ್ನ ಕತ್ತಿ ಕಿವಿಯ ಕೆಳಗಿನಿಂದ ಗದ್ದದವರೆಗೆ ಇಳಿಯಿತು. ಬಿಳಿ ನೊರೆ ಮೊದಲು ಗುಲಾಬಿ ಬಣ್ಣಕ್ಕೆ ತಿರುಗಿತು, ಆಮೇಲೆ ಕೆಂಪಾಗಿ ಕೊರಳಿಗಿಳಿಯಿತು. ನಾಯಿ ಆ ರಕ್ತದ ನಡುವೆಯೂ ಬಟ್ಟೆಯನ್ನು ಕಚ್ಚಿ ಬೆಳಕು ಹುಡುಕುತ್ತಿತ್ತು.

ರಕ್ತ ನಿಲ್ಲಲು ಪಟಿಕ ಒತ್ತಿದೆ, ಟವೆಲ್ ಒತ್ತಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ಗಡ್ಡ ತೆಗಿಯಯ್ಯಾ ಅಂದ್ರೆ ತಲೇನೇ ತೆಗಿತಿದ್ದೀಯಲ್ಲ. ನಿಮ್ಮಪ್ಪ ಇಷ್ಟು ಆಳಕ್ಕೆ ಹೋಗ್ತಿರ್ಲಿಲ್ಲ." ಹೊಲಿಗೆ ಹಾಕಿಸಿಕೊಂಡು ಬಂದೆವು. ಅವರು ಪೊಲೀಸು ಗಿಲೀಸು ಅನ್ನಲಿಲ್ಲ.

ಅಂಗಡಿಗೆ ಹಿಂತಿರುಗಿ ಶಟರ್ ಅರ್ಧ ಎಳೆದು, ಅಪ್ಪನ ಚರ್ಮದ ಪಟ್ಟಿ ತೆಗೆದುಕೊಂಡು ನಾಯಿಯನ್ನು ಹೊಡೆದೆ. ಮೂಲೆಗೆ ನೂಕಿ ಹೊಡೆದೆ. ಅದು ಕಿರುಚಿದರೆ ಬಾಯಿ ಹಿಡಿದುಕೊಂಡು ಹೊಡೆದೆ. ನನ್ನ ತೋಳು ಸೋಲುವ ತನಕ ಹೊಡೆದೆ. ಒಂದೊಂದು ಏಟಿಗೂ ನನಗೆ ಒಳಗೊಳಗೇ ಒಂದು ನೆಮ್ಮದಿ ಆಗುತ್ತಿತ್ತು, ತಪ್ಪು ನನ್ನಿಂದ ಇಳಿದು ಅದರ ಬೆನ್ನಿಗೆ ಹೋಗುತ್ತಿರುವ ಹಾಗೆ. ನಾಯಿಯ ಮೈಯಲ್ಲಿ ಬರೆ ಕಾಣುವುದಿಲ್ಲ, ಕೂದಲು ಮುಚ್ಚಿಕೊಳ್ಳುತ್ತದೆ. ಕೂದಲಿನ ಕಸುಬಿನವನಿಗೆ ಅದು ಚೆನ್ನಾಗಿ ಗೊತ್ತು.

ತಂಗಿ ಹಣ್ಣು ಕಟ್ಟಿಸಿಕೊಂಡು ಮೇಷ್ಟ್ರ ಮನೆಗೆ ಹೋಗಿ ಕೈ ಮುಗಿದು ಬಂದಳು. ನಾನು ಅವಳಿಗೆ ಒಂದೇ ಬುದ್ಧಿ ಹೇಳಿದೆ: "ಹೊರಗೆ ಹೋಗುವಾಗ ನಾಯಿ ಬೆಲ್ಟ್ ಕೈಗೆ ಗಟ್ಟಿಯಾಗಿ ಸುತ್ಕೋ. ಬಿಡಿಸ್ಕೊಂಡ್ ಓಡಬಾರದು."

ಅವಳು ಸುತ್ತಿಕೊಂಡಳು. ಒಂದು ಸಂಜೆ ಆಫೀಸಿನಿಂದ ಬೇಗ ಬಂದವಳು ನಾಯಿಯನ್ನು ಕರೆದುಕೊಂಡು ಹೊರಟಳು. ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಬಿಸಿಲು ರಸ್ತೆಯ ಉದ್ದಕ್ಕೂ ಓರೆಯಾಗಿ ಬಿದ್ದಿತ್ತು. ತಿರುವಿನಲ್ಲಿ ಬಸ್ಸೊಂದು ತಿರುಗಿತು, ಅದರ ಕಿಟಕಿಗಳ ಬೆಳಕು ಒಂದರ ಹಿಂದೊಂದು ಟಾರಿನ ಮೇಲೆ ಓಡಿತು. ನನಗೆ ಬೆಳಕು ಕಂಡಿತು. ಏನಾಗುತ್ತದೆ ಎಂದೂ ಗೊತ್ತಾಯಿತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ನಾಯಿ ಹಾರಿತ್ತು. ತಂಗಿ ಮೊಳಕೈ ಮೇಲೆ ಬಿದ್ದು, ರಸ್ತೆಯ ನಡುವಿನವರೆಗೂ ಎಳೆಸಿಕೊಂಡು ಹೋದಳು. ಕೈಗೆ ಸುತ್ತಿದ್ದ ಬೆಲ್ಟು ಬಿಚ್ಚಲಿಲ್ಲ. ಎದುರಿನಿಂದ ಬಂದ ಸ್ಕೂಟರಿನ ಚಕ್ರ ಅವಳ ಬಲಗೈ ಮೇಲೆ ಹಾಯಿತು. ಒಣ ಕಡ್ಡಿ ಮುರಿದ ಶಬ್ದ ಬಾಗಿಲವರೆಗೂ ಕೇಳಿಸಿತು. ಸ್ಕೂಟರಿನವನೂ ಬಿದ್ದ.

ಜನ ಸೇರಿದರು. ಇಬ್ಬರು ಹೆಂಗಸರು ಅವಳನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿದರು. ಉಳಿದವರು ನಾಯಿಯನ್ನು ಸುತ್ತುವರಿದರು.

"ಹುಚ್ ನಾಯಿ ಕಣ್ರೋ."

"ಮೊನ್ನೆ ಮೇಷ್ಟ್ರಿಗೂ ಇದೇ ಮಾಡಿದ್ದು."

ಸ್ಕೂಟರಿನವನು ಹೆಲ್ಮೆಟ್ ತೆಗೆದು ಅದರ ತಲೆಗೆ ಹೊಡೆದ. ಇನ್ನೊಬ್ಬ ಹೊಟ್ಟೆಗೆ ಒದ್ದ. ಜೆರಾಕ್ಸ್ ಅಂಗಡಿಯವನು ನನ್ನ ಕಡೆ ತಿರುಗಿ, "ಏನ್ ಗುರು, ನಾಯಿನ ಹೆಂಗ್ ಸಾಕಿದ್ದೀಯ ನೀನು?" ಎಂದ.

ಅದು ಬರಿಯ ಮಾತು. ಅವನಿಗೆ ಏನೂ ಗೊತ್ತಿರಲಿಲ್ಲ. ಆದರೆ ಅಷ್ಟು ಜನರ ಎದುರು ಆ ಪ್ರಶ್ನೆ ಬಿದ್ದಾಗ ನನಗೆ ತಾರಸಿಯೇ ಎಲ್ಲರಿಗೂ ಕಂಡಂತಾಯಿತು. ಒಳಗೆ ಓಡಿ ಶಟರ್ ಎಳೆಯುವ ಕಬ್ಬಿಣದ ಕೋಲು ತಂದೆ. ನಾಯಿಯನ್ನು ಎಲ್ಲರಿಗಿಂತ ಜೋರಾಗಿ ಹೊಡೆದೆ. ಬೆನ್ನಿಗೆ, ಪಕ್ಕೆಗೆ, ಕಾಲಿಗೆ. ಪಕ್ಕೆಯೊಳಗೆ ಏನೋ ಕುಸಿದದ್ದು ಕೋಲಿನ ಮೂಲಕ ನನ್ನ ಅಂಗೈಗೆ ಗೊತ್ತಾಯಿತು. ಮತ್ತೆ ಅಲ್ಲಿಗೇ ಹೊಡೆದೆ. ಸುತ್ತ ನಿಂತವರೇ ಹಿಂದೆ ಸರಿದರು. ನಾಯಿ ಓಡಲಿಲ್ಲ, ತಿರುಗಿ ಕಚ್ಚಲಿಲ್ಲ. ಹೊಟ್ಟೆ ನೆಲಕ್ಕೊತ್ತಿ, ಬಾಯಿಂದ ರಕ್ತ ಸುರಿಸುತ್ತಾ ನನ್ನ ಬಲಗೈಯನ್ನೇ ನೋಡುತ್ತಿತ್ತು. ಈಗ ಬೆಳಕು ಬರುತ್ತದೆ ಎಂದು ಕಾಯುತ್ತಿತ್ತು.

ಹೂವು ಮಾರುವ ಆಂಟಿ ಬಂದು ನನ್ನ ತೋಳು ಹಿಡಿದರು. "ಸಾಕು ಬಿಡಣ್ಣ. ಅದೇನ್ ಮಾಡ್ತು ಅಂತ ನಿಂಗೆ ಅಷ್ಟೊಂದ್ ಸಿಟ್ಟು?"

ಕಟ್ಟೆಯ ಮೇಲಿಂದ ತಂಗಿ ಕೂಗುತ್ತಿದ್ದಳು ಎಂದು ಆಮೇಲೆ ಹೇಳಿದರು. ನನಗೆ ಕೇಳಿಸಿರಲಿಲ್ಲ.

ಅವಳ ಮಣಿಕಟ್ಟಿಗೆ ಪ್ಲೇಟು ಹಾಕಿ ಬ್ಯಾಂಡೇಜು ಕಟ್ಟಿದರು. ನಾಯಿಯ ಪಕ್ಕೆಗೆ ಪಟ್ಟಿ ಸುತ್ತಿದರು. ಜಯನಗರದ ಪಶು ವೈದ್ಯೆ ಅದನ್ನು ಮೇಜಿನ ಮೇಲೆ ಮಲಗಿಸಿ ಪೆನ್ನಿನ ಟಾರ್ಚು ಹಚ್ಚಿದರೆ, ಆ ನೋವಿನಲ್ಲೂ ಅದು ಬೆಳಕಿಗೆ ಬಾಯಿ ಹಾಕಿತು. ವೈದ್ಯೆ ಟಾರ್ಚು ಆರಿಸಿದರು.

"ಇದಕ್ಕೆ ಯಾರಾದ್ರೂ ಲೇಸರ್, ಟಾರ್ಚು, ಕನ್ನಡಿ ಬೆಳಕು, ಇಂಥದ್ದರಲ್ಲಿ ಆಟ ಆಡಿಸಿದ್ದಾರಾ?"

"ಇಲ್ಲ ಡಾಕ್ಟ್ರೇ," ಎಂದಳು ತಂಗಿ. "ನಮ್ಮಣ್ಣ ದಿನಾ ವಾಕಿಂಗ್ ಕರ್ಕೊಂಡ್ ಹೋಗ್ತಾನೆ. ತಪ್ಪು ನಂದೇ, ನಾನು ಮನೇಲಿರಲ್ಲ."

ವೈದ್ಯೆ ನನ್ನನ್ನು ನೋಡಿದರು. "ಇಲ್ಲ," ಎಂದೆ.

"ಯೋಚನೆ ಮಾಡಿ ಹೇಳಿ. ಆಟದಿಂದ ಬಂದಿದ್ರೆ ನಿಧಾನಕ್ಕೆ ಬಿಡಿಸಬಹುದು. ಏನೂ ಕಾರಣ ಇಲ್ದೆ ತಾನಾಗೇ ಇಷ್ಟಾಗಿದ್ರೆ ಮಿದುಳಿನ ಕಾಯಿಲೆ ಇರಬಹುದು. ಇಬ್ಬರಿಗೆ ಏಟಾಗಿದೆ ಅಂತೀರ. ಮಾತ್ರೆ ಕೊಡ್ತೀನಿ, ಕಮ್ಮಿ ಆಗಲಿಲ್ಲ ಅಂದ್ರೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸೋದೇ ಅದಕ್ಕೂ ಒಳ್ಳೇದು."

ನಾನು ಯೋಚನೆ ಮಾಡಿದೆ. ಮತ್ತೆ ಇಲ್ಲ ಎಂದೆ.

ಮಾತ್ರೆಗಳಿಂದ ಕಮ್ಮಿ ಆಗಲಿಲ್ಲ. ನಾಯಿ ಮಂಪರಿನಲ್ಲೇ ನೆಲ ಕೆರೆಯುತ್ತಿತ್ತು. ಕೇರಿಯವರು ಬಾಗಿಲಿಗೆ ಬಂದು, ಮಕ್ಕಳಿರೋ ಜಾಗ, ನೋಡಿಕೊಳ್ಳಿ ಎಂದರು. ಒಂದು ಬೆಳಿಗ್ಗೆ ತಂಗಿ ಇಂಜೆಕ್ಷನ್ನಿಗೆ ಒಪ್ಪಿಕೊಂಡಳು. ಆಟೋ ಕರೆದೆವು. ನಾಯಿಯನ್ನು ನಮ್ಮಿಬ್ಬರ ಕಾಲ ಬಳಿ ಮಲಗಿಸಿದೆವು. ಆಟೋ ಓಡುತ್ತಿದ್ದರೆ ಮರಗಳ ಸಂದಿನ ಬಿಸಿಲು ಒಳಗೆ ಬಂದು ಹೋಗುತ್ತಿತ್ತು, ನಾಯಿ ಮಲಗಿದಲ್ಲೇ ಹಲ್ಲು ಕಟಕಟಿಸುತ್ತಿತ್ತು. ತಂಗಿ ಎಡಗೈಯಿಂದ ದುಪಟ್ಟಾ ಎಳೆದು ಅದರ ಕಣ್ಣು ಮುಚ್ಚಿದಳು.

"ನನ್ ತಪ್ಪು ಬಂಗಾರ," ಎಂದಳು ಅದಕ್ಕೆ. "ನಿನ್ನ ನೋಡ್ಕೊಳಕ್ಕಾಗ್ದೇ ಇರೋಳು ನಾನ್ ಯಾಕ್ ತರಬೇಕಿತ್ತು."

ಆಗ ಹೇಳಿದೆ. ತಾರಸಿ, ಕನ್ನಡಿ, ರಕ್ತದ ಗೋಡೆ, ಪಾರ್ಕಿಗೆ ಹೋಗದೇ ಇದ್ದದ್ದು, ಅಪ್ಪನ ಪಟ್ಟಿ. ಎಲ್ಲವನ್ನೂ ರಸ್ತೆ ನೋಡುತ್ತಾ ಹೇಳಿದೆ.

ಅವಳು ದುಪಟ್ಟಾ ಬಿಟ್ಟಳು. ಆಮೇಲೆ ಬ್ಯಾಂಡೇಜಿನ ಕೈಯನ್ನೇ ಎತ್ತಿ ನನ್ನ ಬಾಯಿಗೆ ಹೊಡೆದಳು. ತುಟಿ ಹಲ್ಲಿಗೆ ಸಿಕ್ಕು ಹರಿಯಿತು. ನೋವಿಗೆ ಅವಳೇ ಕಿರುಚಿದಳು, ಕಿರುಚುತ್ತಲೇ ಮತ್ತೆ ಅದೇ ಕೈಯಿಂದ ಹೊಡೆದಳು. ಕಿವಿಗೆ, ಕೆನ್ನೆಗೆ. ನಾನು ಮುಖ ಅಡ್ಡ ಮಾಡಲಿಲ್ಲ. ನಾಯಿ ಎದ್ದು ನಿಲ್ಲಲು ನೋಡಿ ಬಿತ್ತು.

ಡ್ರೈವರ್ ಆಟೋ ಬದಿಗೆ ಹಾಕಿದ. "ಮೇಡಂ, ಹೊಡೆದಾಡೋದಾದ್ರೆ ಕೆಳಗಿಳಿರಿ. ಸೀಟ್ ಹೊಸದು."

"ಸಾರಿ ಅಣ್ಣ," ಎಂದಳು ಅವನಿಗೆ. "ಹೋಗಿ. ಆಸ್ಪತ್ರೆಗೇ ಹೋಗಿ."

ನನ್ನ ಕಡೆ ನೋಡದೆ ಕೇಳಿದಳು. "ಅವತ್ತು ರೋಡಲ್ಲಿ ಹೊಡಿಯೋವಾಗ ಅದು ನಿನ್ನನ್ನೇ ನೋಡ್ತಿತ್ತು. ನಾನು ನೋಡ್ದೆ. ಆಗ ನಿಂಗೇನ್ ಅನ್ನಿಸ್ತು?"

"ಅದು ಯಾರಿಗಾದ್ರೂ ತೋರಿಸಿಕೊಡುತ್ತೆ ಅನ್ನಿಸ್ತು," ಎಂದೆ. ಅದೇ ನಿಜ. ಒಂದು ನಾಯಿ ನನ್ನ ಕೈ ನೋಡಿ ನನ್ನ ಗುಟ್ಟು ಹೇಳಿಬಿಡುತ್ತದೆ ಎಂದು ಹೆದರಿ ಅದರ ಪಕ್ಕೆ ಮುರಿದಿದ್ದೆ.

ವೈದ್ಯೆಯ ಎದುರು ಎಲ್ಲವನ್ನೂ ಮತ್ತೆ ಹೇಳಬೇಕಾಯಿತು. ತಂಗಿ ಹೇಳಲಿಲ್ಲ, ನನ್ನಿಂದಲೇ ಹೇಳಿಸಿದಳು. ಇಂಜೆಕ್ಷನ್ ಸೀಸೆ ಟ್ರೇಯಲ್ಲೇ ಉಳಿಯಿತು. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದರು ವೈದ್ಯೆ. ಕಿಟಕಿಗೆ ದಪ್ಪ ಪರದೆ ಹಾಕಬೇಕು, ಹೊಳೆಯುವ ಪಾತ್ರೆ ಎದುರಿಗಿಡಬಾರದು, ಪಕ್ಕೆ ಕೂಡಿದ ಮೇಲೆ ಬಿಸಿಲಿಲ್ಲದ ಹೊತ್ತಿನಲ್ಲಿ ದಿನಾ ತುಂಬ ನಡೆಸಬೇಕು, ಮೂಗಿಗೆ ಮತ್ತು ಬುದ್ಧಿಗೆ ಕೆಲಸ ಕೊಡಬೇಕು. ಬೆಳಕಿಗೆ ಹಾರಿದರೆ ಗಟ್ಟಿಯಾಗಿ ಹಿಡಿದು ನಿಲ್ಲಬೇಕು, ಅಷ್ಟೇ. ಹೊಡೆದರೆ ಇನ್ನೂ ಹೆಚ್ಚುತ್ತದೆ. ಇನ್ನೊಮ್ಮೆ ಯಾರಿಗಾದರೂ ಏಟಾದರೆ ಆಗ ತಮ್ಮಿಂದಲೂ ಏನೂ ಮಾಡಲಾಗುವುದಿಲ್ಲ ಎಂದರು.

ಹಿಡಿದು ನಿಲ್ಲುವ ಕೈ ತಂಗಿಗಿರಲಿಲ್ಲ. ಪ್ಲೇಟು ಹಾಕಿದ ಮಣಿಕಟ್ಟು ನೀರಿನ ಚೊಂಬನ್ನೇ ಎತ್ತುತ್ತಿರಲಿಲ್ಲ. ಬೇರೆ ಯಾರೂ ಆ ನಾಯಿಯ ಹತ್ತಿರ ಬರುತ್ತಿರಲಿಲ್ಲ. ಹಾಗಾಗಿ ಬೆಲ್ಟು ನನ್ನ ಕೈಗೇ ಬಂತು. ಬೆಳಕು ಹರಿಯುವ ಮುಂಚೆ ನಾನು ಮುಂದೆ ನಾಯಿ ಹಿಡಿದು ನಡೆಯುತ್ತೇನೆ, ಅವಳು ಕೈಯನ್ನು ಎದೆಗೆ ಕಟ್ಟಿಕೊಂಡು ಹಿಂದೆ ಬರುತ್ತಾಳೆ. ಅವಳು ನೋಡುವುದು ನಾಯಿಯನ್ನಲ್ಲ.

ಈಚೆಗೆ ಒಂದು ಬೆಳಿಗ್ಗೆ, ಪಕ್ಕದ ರಸ್ತೆಯಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ನೀರು ಹಾಕುತ್ತಿದ್ದಳು. ಬೀದಿ ದೀಪ ಇನ್ನೂ ಉರಿಯುತ್ತಿತ್ತು. ನೀರು ಹರಡಿದ್ದೇ ತಡ, ಅದರ ಬೆಳಕು ಕಾಂಪೌಂಡ್ ಗೋಡೆಯ ಮೇಲೆ ಕುಣಿಯತೊಡಗಿತು. ನಾಯಿ ಹಾರಿತು. ನಾನು ಎರಡು ಕಾಲೂರಿ ಎಳೆದು ಹಿಡಿದೆ. ಅದು ತಿರುಗಿ ನನ್ನ ಎಡಗೈಗೆ ಬಾಯಿ ಹಾಕಿತು. ಹಿಮ್ಮಡಿಗೆ ಹಾಕುತ್ತಿದ್ದ ಹಾಗಲ್ಲ, ಕೋರೆ ಮಾಂಸದೊಳಗೆ ಇಳಿಯಿತು. ನಾನು ಬೆಲ್ಟು ಬಿಡಲಿಲ್ಲ.

ಆದರೆ ಬಲಗೈ ಮೇಲಕ್ಕೆ ಹೋಗಿತ್ತು. ಯಾವಾಗ ಹೋಯಿತೋ ನನಗೇ ತಿಳಿಯದು. ಮುಷ್ಟಿ ಕಟ್ಟಿಕೊಂಡು ಕಿವಿಯ ಮಟ್ಟದಲ್ಲಿ ನಿಂತಿತ್ತು.

ನೀರು ಹಾಕುತ್ತಿದ್ದವಳು ಬಕೆಟ್ ಹಿಡಿದುಕೊಂಡು ಹಾಗೆಯೇ ನಿಂತಳು. ಹಿಂದೆ ತಂಗಿಯ ಚಪ್ಪಲಿಯ ಸದ್ದು ನಿಂತಿತು.

"ಅಣ್ಣ," ಎಂದಳು. "ಕೈ ಇಳಿಸು."

ಇಳಿಸಿದೆ. ತಕ್ಷಣ ಇಳಿಸಿದೆ ಎಂದು ಬರೆಯಬೇಕೆನಿಸುತ್ತದೆ, ಆದರೆ ಸ್ವಲ್ಪ ಹೊತ್ತು ಹಿಡಿಯಿತು. ನಾಯಿ ಕೈ ಬಿಟ್ಟು ಮತ್ತೆ ಗೋಡೆಯ ಕಡೆ ತಿರುಗಿ ನಡುಗುತ್ತಾ ನಿಂತಿತು. ನನ್ನ ಬೆರಳ ತುದಿಯಿಂದ ರಕ್ತ ಒದ್ದೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನೀರು ಮೋರಿಗೆ ಇಳಿದು ಗೋಡೆ ಬರಿದಾಗುವವರೆಗೂ ಅಲ್ಲೇ ನಿಂತೆವು.

"ನಡಿ," ಎಂದಳು ತಂಗಿ. "ನಾನು ಹಿಂದೆನೇ ಇರ್ತೀನಿ."